ಆ ಸ್ಟೀಮ್ ಎಂಜಿನ್ ಈಗ ಎಲ್ಲಿದೆ? ಬ್ರಿಟನ್ನಿನ ಹೆರಿಟೇಜ್ ರೈಲುಗಳಲ್ಲಿ ಎಂಜಿನ್‌ಗಳ ಜಾಡು ಹಿಡಿಯುವ ಸಮಗ್ರ ಮಾರ್ಗದರ್ಶಿ

1968ರ ಆಗಸ್ಟ್ 11. ಬ್ರಿಟಿಷ್ ರೈಲ್ವೇಸ್ ತನ್ನ ಮುಖ್ಯ ಹಳಿಗಳ ಮೇಲೆ ಸ್ಟೀಮ್ ಎಂಜಿನ್ ಕಟ್ಟಿ ಕೊನೆಯ ಪ್ರಯಾಣಿಕರ ರೈಲು ಓಡಿಸಿದ ದಿನ. ಟಿಕೆಟ್ಟಿಗೆ ಹದಿನೈದು ಗಿನಿ, ಅಂದರೆ ಬ್ರಿಟನ್ನಿನ ಹಳೆಯ ಹಣದ ಲೆಕ್ಕ. ಅದಕ್ಕೇ ಆ ರೈಲಿಗೆ ‘ಫಿಫ್ಟೀನ್ ಗಿನಿ ಸ್ಪೆಷಲ್’ ಎಂದೇ ಹೆಸರು ಬಿತ್ತು. ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್ ದಾಟಿ ಕಾರ್ಲೈಲ್‌ಗೆ ಹೋಗಿ ವಾಪಸ್ ಬರಲು ನಾಲ್ಕು ಎಂಜಿನ್‌ಗಳು ಹೆಗಲು ಕೊಟ್ಟವು: 45110, 70013 ಆಲಿವರ್ ಕ್ರಾಮ್‌ವೆಲ್, 44781 ಮತ್ತು 44871. ಇವುಗಳಲ್ಲಿ ಮೂರು ಉಳಿದವು. 44781 ಉಳಿಯಲಿಲ್ಲ. ಅದನ್ನು ಒಂದು ಸಿನಿಮಾ ಶೂಟಿಂಗ್‌ಗೆ ಕೊಟ್ಟರು. ಹಳಿ ತಪ್ಪಿದ ದೃಶ್ಯಕ್ಕಾಗಿ ಹಳಿಯಿಂದ ಇಳಿಸಿದರು. ಆಮೇಲೆ ಕತ್ತರಿಸಿ ಗುಜರಿಗೆ ಹಾಕಿದರು.

ನನಗೆ ಈ ಹುಚ್ಚು ಹಿಡಿದದ್ದು ಆ ನಾಲ್ಕು ನಂಬರ್‌ಗಳಿಂದ. ಒಂದೇ ದಿನ, ಒಂದೇ ರೈಲು ಎಳೆದವು. ಆದರೆ ಒಂದೊಂದರ ಹಣೆಬರಹ ಒಂದೊಂದು ಥರ. ಯಾವುದು ಎಲ್ಲಿಗೆ ಹೋಯಿತು, ಯಾರು ಕೊಂಡರು, ಯಾವಾಗ ಓಡಿತು, ಯಾವಾಗ ನಿಂತಿತು ಎಂದು ಹುಡುಕುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಎಂಜಿನ್ ಮೇಲಿರುವ ನಂಬರ್ ಬರೀ ಬಣ್ಣ. ಹೆಸರೂ ಬಿಚ್ಚಿ ಹಾಕುವ ಫಲಕ. ಜಾಡು ಹಿಡಿಯಬೇಕಾದದ್ದು ಕೆಳಗಿನ ಲೋಹದ್ದು. ಇನ್ನೊಂದು, ತಾರೀಖು ಇಲ್ಲದ ಮಾಹಿತಿಯನ್ನು ನಂಬಲೇಬಾರದು. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಮಾತಿನ ವಿಸ್ತಾರ, ಅಷ್ಟೆ.

ಮೊದಲ ಹೆಜ್ಜೆ: ಎಂಜಿನ್‌ನ ಎಲ್ಲ ನಂಬರ್‌ಗಳನ್ನೂ ಒಂದೇ ಹಾಳೆಗೆ ತನ್ನಿ

ಒಂದು ಎಂಜಿನ್‌ಗೆ ಒಂದೇ ನಂಬರ್ ಎಂದುಕೊಂಡು ಹುಡುಕಲು ಕೂತರೆ ಅರ್ಧ ದಾರಿಯಲ್ಲೇ ಕಳೆದುಹೋಗುತ್ತೀರಿ. ಫ್ಲೈಯಿಂಗ್ ಸ್ಕಾಟ್ಸ್‌ಮನ್‌ನನ್ನೇ ನೋಡಿ. 1923ರಲ್ಲಿ ಡಾಂಕಾಸ್ಟರ್‌ನಲ್ಲಿ ತಯಾರಾದಾಗ ಅದರ ನಂಬರ್ 1472. ಮರುವರ್ಷ 4472 ಆಯಿತು. 1946ರಲ್ಲಿ ಮೊದಲು 502, ಅದೇ ವರ್ಷ ಮತ್ತೆ 103. ರೈಲುಗಳು ಸರ್ಕಾರದ ಕೈಗೆ ಬಂದ ಮೇಲೆ 60103. ಎಂಜಿನ್ ಒಂದೇ, ನಂಬರ್ ಐದು. 1946ರ ಬೇಸಿಗೆಯ ಫೋಟೊ ಹಿಡಿದುಕೊಂಡು 4472 ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಅಲ್ವಾ?

ಅದೃಷ್ಟಕ್ಕೆ 1948ರ ಬದಲಾವಣೆಗೆ ಒಂದು ಸುಲಭ ಸೂತ್ರ ಇದೆ. ಆ ವರ್ಷ ನಾಲ್ಕು ದೊಡ್ಡ ರೈಲು ಕಂಪನಿಗಳು (ಸದರ್ನ್, ಎಲ್‌ಎಂಎಸ್, ಎಲ್‌ಎನ್‌ಇಆರ್, ಗ್ರೇಟ್ ವೆಸ್ಟರ್ನ್) ಸೇರಿ ಬ್ರಿಟಿಷ್ ರೈಲ್ವೇಸ್ ಆಯಿತು. ಸದರ್ನ್ ಎಂಜಿನ್‌ಗಳ ನಂಬರ್‌ಗೆ 30000, ಎಲ್‌ಎಂಎಸ್ ಎಂಜಿನ್‌ಗಳಿಗೆ 40000, ಎಲ್‌ಎನ್‌ಇಆರ್ ಎಂಜಿನ್‌ಗಳಿಗೆ 60000 ಕೂಡಿಸಿದರು. ಹಾಗಾಗಿ 45110 ಅದಕ್ಕೂ ಮೊದಲು 5110 ಆಗಿತ್ತು. ಗ್ರೇಟ್ ವೆಸ್ಟರ್ನ್ ಎಂಜಿನ್‌ಗಳ ನಂಬರ್ ಮಾತ್ರ ಮುಟ್ಟಲಿಲ್ಲ. ಅವುಗಳ ಕ್ಯಾಬಿನ ಪಕ್ಕದಲ್ಲಿ ಎರಕ ಹೊಯ್ದ ನಂಬರ್ ಫಲಕಗಳಿದ್ದವು, ಬದಲಾಯಿಸುವುದು ಸುಲಭವಿರಲಿಲ್ಲ. ಸದರ್ನ್‌ನ ಬುಲ್ಲಿಡ್ ಎಂಬ ಎಂಜಿನಿಯರ್ ರೂಪಿಸಿದ ಪೆಸಿಫಿಕ್ ಬಗೆಯ ಎಂಜಿನ್‌ಗಳು ಈ ಸೂತ್ರಕ್ಕೆ ಬಗ್ಗುವುದಿಲ್ಲ. ಅವುಗಳ ಮೂಲ ನಂಬರ್‌ನಲ್ಲಿ ಅಕ್ಷರವೂ ಸೇರಿತ್ತು. 21ಸಿ123 ಎಂದಿದ್ದದ್ದೇ ಆಮೇಲೆ 34023 ಬ್ಲ್ಯಾಕ್‌ಮೋರ್ ವೇಲ್ ಆಯಿತು.

ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆ, ಬಂದರುಗಳಲ್ಲಿ ದುಡಿದ ಸಣ್ಣ ಎಂಜಿನ್‌ಗಳ ಕತೆ ಬೇರೆ. ಅಲ್ಲಿ ನಂಬರ್ ಮಾಲೀಕರ ಇಷ್ಟ. ಒಂದು ಗಣಿಯಲ್ಲಿ ‘7’, ಇನ್ನೊಂದು ಗಣಿಗೆ ಹೋದಾಗ ‘2’. ಹೆಸರಂತೂ ಮ್ಯಾನೇಜರ್ ಮಗಳದ್ದೂ ಇರಬಹುದು. ಅಂಥವಕ್ಕೆ ಒಂದೇ ಗಟ್ಟಿ ಗುರುತು: ತಯಾರಕರ ಹೆಸರು ಮತ್ತು ವರ್ಕ್ಸ್ ನಂಬರ್. ಕಾರ್ಖಾನೆಯಿಂದ ಹೊರಬಿದ್ದ ಎಷ್ಟನೆಯ ಎಂಜಿನ್ ಎಂದು ಹೇಳುವ ಸಂಖ್ಯೆ ಅದು. ಹನ್ಸ್ಲೆಟ್ ಆಸ್ಟೆರಿಟಿ ಎಂಬ 0-6-0 ಸ್ಯಾಡಲ್ ಟ್ಯಾಂಕ್ (ಬಾಯ್ಲರ್ ಮೇಲೆ ನೀರಿನ ತೊಟ್ಟಿ ಹೊತ್ತ) ಎಂಜಿನ್‌ಗಳು 485 ತಯಾರಾದವು, ಹಲವು ಕಂಪನಿಗಳಲ್ಲಿ. ಇವತ್ತು ಅವುಗಳಲ್ಲಿ ಡಜನ್‌ಗಟ್ಟಲೆ ಉಳಿದಿವೆ, ನೋಡಲು ಎಲ್ಲ ಒಂದೇ ಥರ. ವರ್ಕ್ಸ್ ನಂಬರ್ ಇಲ್ಲದೆ ಅವುಗಳಲ್ಲಿ ಒಂದರ ಜಾಡು ಹಿಡಿಯಲು ಹೊರಡಲೇಬೇಡಿ. ಅಲ್ಲೂ ಒಂದು ತೊಡಕಿದೆ. ಹನ್ಸ್ಲೆಟ್ ಕಂಪನಿ 1960ರ ದಶಕದಲ್ಲಿ ಕೆಲವನ್ನು ಬಿಚ್ಚಿ ಮತ್ತೆ ಕಟ್ಟಿ ಹೊಸ ವರ್ಕ್ಸ್ ನಂಬರ್ ಕೊಟ್ಟಿತು. ಎರಡೂ ನಂಬರ್ ಬರೆದಿಡಿ.

0-6-0 ಅಂದರೇನು ಎಂದು ಹೊಸಬರು ಕೇಳುತ್ತಾರೆ. ಮುಂದಿನ ಸಣ್ಣ ಚಕ್ರಗಳು, ನಡುವಿನ ಎಳೆಯುವ ಚಕ್ರಗಳು, ಹಿಂದಿನ ಸಣ್ಣ ಚಕ್ರಗಳು. ಆ ಕ್ರಮದಲ್ಲಿ ಎಣಿಸಿ. ಫೋಟೊದಲ್ಲಿ ಚಕ್ರ ಎಣಿಸುವುದನ್ನು ಮೊದಲು ರೂಢಿ ಮಾಡಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಎರಡನೇ ಹೆಜ್ಜೆ: ಫೋಟೊವನ್ನು ಅನುಮಾನದಿಂದ ಓದಿ

ಹೆರಿಟೇಜ್ ರೈಲುಗಳಲ್ಲಿ, ಅಂದರೆ ಹಳೆಯ ಎಂಜಿನ್‌ಗಳನ್ನು ಉಳಿಸಿ ಓಡಿಸುವ ರೈಲುಗಳಲ್ಲಿ, ಉತ್ಸವದ ದಿನ ಎಂಜಿನ್‌ಗೆ ಬೇರೊಂದರ ವೇಷ ಹಾಕುವುದು ಮಾಮೂಲು. ಯಾವತ್ತೋ ಗುಜರಿಯಾದ ಸೋದರ ಎಂಜಿನ್‌ನ ನಂಬರ್ ಹಚ್ಚಿ, ಹಳೆಯ ಶೆಡ್‌ನ ಫಲಕ ಕಟ್ಟಿ ಓಡಿಸುತ್ತಾರೆ. ನೋಡಲು ಚೆಂದ. ಜಾಡು ಹಿಡಿಯುವವರಿಗೆ ಮಾತ್ರ ಪ್ರಾಣಸಂಕಟ. ನಾನೇ ಒಮ್ಮೆ ಇಂಥ ಫೋಟೊ ನೋಡಿ, ಸತ್ತೇಹೋಯಿತು ಎಂದುಕೊಂಡಿದ್ದ ಎಂಜಿನ್ ಬದುಕಿದೆ ಎಂದು ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಎಷ್ಟು ಖುಷಿಯಾಗಿತ್ತೆಂದರೆ ಮತ್ತೆ ಪರಿಶೀಲಿಸಲೇ ಇಲ್ಲ. ಎರಡು ವರ್ಷದ ಮೇಲೆ ಅದೇ ಉತ್ಸವದ ಇನ್ನೊಂದು ಫೋಟೊ ಸಿಕ್ಕಿತು. ಅದರಲ್ಲಿ ಎಂಜಿನ್‌ನ ಒಂದು ಪಕ್ಕದಲ್ಲಿ ಒಂದು ನಂಬರ್, ಇನ್ನೊಂದು ಪಕ್ಕದಲ್ಲಿ ಇನ್ನೊಂದು ನಂಬರ್. ಪಟ್ಟಿಯಲ್ಲಿ ಆ ಸಾಲನ್ನು ಹೊಡೆದು ಹಾಕುವಾಗ ನಿಜವಾಗಲೂ ಬೇಜಾರಾಯಿತು.

ವೇಷ ಒಂದು ದಿನದ್ದೇ ಆಗಬೇಕಿಲ್ಲ. ಕೀತ್ಲಿ ಅಂಡ್ ವರ್ತ್ ವ್ಯಾಲಿ ರೈಲ್ವೆಯಲ್ಲಿ 90733 ಎಂಬ ದೊಡ್ಡ 2-8-0 ಸರಕು ಎಂಜಿನ್ ಇದೆ. ಬ್ರಿಟಿಷ್ ರೈಲ್ವೇಸ್‌ನ ಹಳೆಯ ಪಟ್ಟಿಗಳಲ್ಲಿ 90733 ಹುಡುಕಿ ನೋಡಿ. ಇಲ್ಲ! ಆ ಬಗೆಯ ಎಂಜಿನ್‌ಗಳಿಗೆ 90000ದಿಂದ 90732ರ ತನಕ ಮಾತ್ರ ನಂಬರ್ ಕೊಟ್ಟಿದ್ದರು. ಆ 733ರಲ್ಲಿ ಒಂದೂ ಉಳಿಯಲಿಲ್ಲ. ಹಾಗಾದರೆ ಇದು ಯಾವುದು? ವಲ್ಕನ್ ಫೌಂಡ್ರಿ ಯುದ್ಧ ಇಲಾಖೆಗಾಗಿ 1945ರಲ್ಲಿ ತಯಾರಿಸಿದ ಎಂಜಿನ್, ವರ್ಕ್ಸ್ ನಂಬರ್ 5200. ಸೈನ್ಯದಲ್ಲಿ ಅದರ ನಂಬರ್ 79257. ನೆದರ್ಲೆಂಡ್ಸ್‌ಗೆ ಹೋಯಿತು, ಅಲ್ಲಿ 4464. ಅಲ್ಲಿಂದ ಸ್ವೀಡನ್‌ಗೆ, ಅಲ್ಲಿ ನಂಬರ್ 1931. ಸ್ವೀಡನ್ನಿನ ಚಳಿಗೆ ಅದರ ಕ್ಯಾಬ್ ಮುಚ್ಚಿದರು, ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿಯಾದ ಟೆಂಡರನ್ನು ಗಿಡ್ಡ ಮಾಡಿದರು. 1973ರಲ್ಲಿ ಬ್ರಿಟನ್‌ಗೆ ಮರಳಿತು. ಆಮೇಲೆ ಅದನ್ನು ಬ್ರಿಟಿಷ್ ರೂಪಕ್ಕೆ ತಂದು, ಪಟ್ಟಿಯ ಕೊನೆಯ ನಂಬರ್‌ಗೆ ಒಂದು ಕೂಡಿಸಿ 90733 ಎಂದು ಹೆಸರಿಟ್ಟರು. 2007ರಲ್ಲಿ ಆ ರೂಪದಲ್ಲಿ ಓಡಿತು. ಅಂದರೆ ಆ ನಂಬರ್‌ಗೆ ಹಿಂದೆ ಒಡೆಯರೇ ಇರಲಿಲ್ಲ. ಮೂರು ದೇಶ ತಿರುಗಿ ಬಂದ ಎಂಜಿನ್‌ಗೆ ತವರಿನವರು ಕೊಟ್ಟ ಹೊಸ ಹೆಸರು ಎನ್ನಿ. ನನಗೆ ತುಂಬಾ ಇಷ್ಟದ ಕತೆ ಇದು.

ಹಾಗಾಗಿ ಫೋಟೊ ಸಿಕ್ಕ ಕೂಡಲೇ ನಂಬರ್ ಬಿಟ್ಟು ಉಳಿದದ್ದನ್ನು ಮೊದಲು ನೋಡಿ. ಚಿಮಣಿ ಒಂಟಿಯೋ ಜೋಡಿಯೋ? ಹೊಗೆ ತಡೆಯುವ ತಗಡು ಇದೆಯಾ? ಟೆಂಡರ್ ಎಷ್ಟು? ಫ್ಲೈಯಿಂಗ್ ಸ್ಕಾಟ್ಸ್‌ಮನ್ ಹಿಂದೆ ಎರಡು ಟೆಂಡರ್ ಕಂಡರೆ ಅದು 1966ಕ್ಕಿಂತ ಹಿಂದಿನ ಫೋಟೊ ಅಲ್ಲ. ನೀರು ತುಂಬಿಸುವ ಜಾಗಗಳು ಕಡಿಮೆಯಾದವು ಎಂದು ಎರಡನೇ ಟೆಂಡರ್ ಸೇರಿಸಿದ್ದು ಆಗ. ಮುಂದೆ ಗಂಟೆ, ದನ ತಳ್ಳುವ ಕಂಬಿ ಕಂಡರೆ ಅದು 1969ರಲ್ಲಿ ಶುರುವಾದ ಅಮೆರಿಕ ಪ್ರವಾಸದ ಕಾಲ. 1963ರಲ್ಲಿ ಖಾಸಗಿಯವರ ಕೈಗೆ ಹೋದ ಮೇಲೆ ಒಂಟಿ ಚಿಮಣಿಗೆ ಮರಳಿಸಿದ್ದರು. ಜೋಡಿ ಚಿಮಣಿ, ಹೊಗೆ ತಗಡು ವಾಪಸ್ ಬಂದದ್ದು 1993ರಲ್ಲಿ. ಇಂಥ ಸಣ್ಣ ಸಂಗತಿಗಳಿಂದ ತಾರೀಖಿಲ್ಲದ ಫೋಟೊಗೂ ತಾರೀಖು ಹಚ್ಚಬಹುದು.

ಮೂರನೇ ಹೆಜ್ಜೆ: ಸೇವೆ ಬಿಟ್ಟಾಗ ಯಾವ ಬಾಗಿಲಿಂದ ಹೊರಗೆ ಹೋಯಿತು?

ಉಳಿದ ಎಂಜಿನ್ ಎಂದರೆ ಅದು ಯಾವುದೋ ಒಂದು ಬಾಗಿಲಿಂದ ತಪ್ಪಿಸಿಕೊಂಡಿದೆ ಎಂದರ್ಥ. ಯಾವ ಬಾಗಿಲು ಎಂದು ಗೊತ್ತಾದರೆ ಮುಂದೆ ಯಾವ ದಾಖಲೆ ಹುಡುಕಬೇಕು ಎಂಬುದೂ ಗೊತ್ತಾಗುತ್ತದೆ.

ದೊಡ್ಡ ಬಾಗಿಲು ಬ್ಯಾರಿ. ಸೌತ್ ವೇಲ್ಸ್‌ನ ಈ ಊರಿನಲ್ಲಿ ವುಡಮ್ ಬ್ರದರ್ಸ್ ಎಂಬ ಗುಜರಿ ಯಾರ್ಡ್ ಇತ್ತು. 1959ರಿಂದ ಬ್ರಿಟಿಷ್ ರೈಲ್ವೇಸ್‌ನ ಸ್ಟೀಮ್ ಎಂಜಿನ್‌ಗಳು ಅಲ್ಲಿಗೆ ಬರತೊಡಗಿದವು. ಬಂದದ್ದು ಒಟ್ಟು 297. ಬೇರೆ ಯಾರ್ಡ್‌ಗಳಲ್ಲಿ ಬೇಗಬೇಗನೆ ಕತ್ತರಿಸಿ ಮುಗಿಸುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಯಜಮಾನ ಡೈ ವುಡಮ್ ಹಳೆಯ ವ್ಯಾಗನ್‌ಗಳನ್ನು ಮೊದಲು ಕತ್ತರಿಸೋಣ ಎಂದರು. ಅದು ಸಲೀಸಾದ ಕೆಲಸ. ಎಂಜಿನ್‌ಗಳು ಸಮುದ್ರದ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುತ್ತಾ ವರ್ಷಗಟ್ಟಲೆ ಸಾಲಾಗಿ ನಿಂತವು. ಆ ತಡವೇ ಅವುಗಳ ಜೀವ ಉಳಿಸಿತು. 1968ರ ಸೆಪ್ಟೆಂಬರ್‌ನಲ್ಲಿ 43924 ಎಂಬ ಮಿಡ್‌ಲ್ಯಾಂಡ್ ಎಂಜಿನ್ ಮೊದಲು ಹೊರಬಿತ್ತು, ಕೀತ್ಲಿ ಅಂಡ್ ವರ್ತ್ ವ್ಯಾಲಿಗೆ. ಕೊನೆಯದು 5553, 1990ರ ಜನವರಿಯಲ್ಲಿ. ಒಟ್ಟು 213 ಬಚಾವಾದವು. ನೀವು ಹುಡುಕುವ ಎಂಜಿನ್ ಆ 213ರಲ್ಲಿದ್ದರೆ ಅದು ಯಾರ್ಡ್ ಬಿಟ್ಟ ತಿಂಗಳು, ಎಷ್ಟನೆಯದಾಗಿ ಬಿಟ್ಟಿತು, ಯಾವ ರೈಲಿಗೆ ಹೋಯಿತು ಎಲ್ಲವೂ ಸಿಗುತ್ತದೆ. ಅಷ್ಟು ಚೆನ್ನಾಗಿ ದಾಖಲಾದ ಗುಜರಿ ಯಾರ್ಡ್ ಇನ್ನೊಂದಿಲ್ಲ.

ಬ್ಯಾರಿಯಿಂದ ಬಂದವುಗಳಿಗೆ ಒಂದು ಲಕ್ಷಣ ಇದೆ. ಬಹುತೇಕ ಎಂಜಿನ್‌ಗಳಲ್ಲಿ ಹಿತ್ತಾಳೆ, ತಾಮ್ರದ ಸಣ್ಣ ಭಾಗಗಳು ಯಾವತ್ತೋ ಮಾಯವಾಗಿದ್ದವು. ಕೆಲವಕ್ಕೆ ದೊಡ್ಡ ಗಾಯವೇ ಆಗಿತ್ತು. 6023 ಕಿಂಗ್ ಎಡ್ವರ್ಡ್ 2 ಅಲ್ಲಿ ಹಳಿ ತಪ್ಪಿದಾಗ ಅದರ ಹಿಂದಿನ ಎಳೆಯುವ ಚಕ್ರಗಳನ್ನೇ ಗ್ಯಾಸ್‌ನಿಂದ ಕತ್ತರಿಸಿಬಿಟ್ಟರು. ಆ ಎಂಜಿನ್ ಮತ್ತೆ ಓಡಲು ಹೊಸ ಚಕ್ರವನ್ನೇ ಎರಕ ಹೊಯ್ಯಬೇಕಾಯಿತು. 2011ರಲ್ಲಿ ಡಿಡ್‌ಕಾಟ್ ರೈಲ್ವೆ ಕೇಂದ್ರದಲ್ಲಿ ಅದು ಮತ್ತೆ ಉಗಿ ಬಿಟ್ಟದ್ದು ನೋಡಿದರೆ, ಯಾವ ಎಂಜಿನ್ನನ್ನೂ ‘ಮುಗಿಯಿತು’ ಎಂದು ಬರೆಯಲು ಕೈ ಬರುವುದಿಲ್ಲ.

ಉಳಿದ ಬಾಗಿಲುಗಳು ಚಿಕ್ಕವು. ಕೆಲವನ್ನು ಸರ್ಕಾರವೇ ರಾಷ್ಟ್ರೀಯ ಸಂಗ್ರಹಕ್ಕೆ ಆರಿಸಿಕೊಂಡಿತು. ಅವು ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂನಲ್ಲೋ ಶಿಲ್ಡನ್‌ನ ಲೋಕೋಮೋಷನ್ ಮ್ಯೂಸಿಯಂನಲ್ಲೋ ಇರುತ್ತವೆ, ಇಲ್ಲವೇ ಬೇರೆ ರೈಲುಗಳಿಗೆ ಸಾಲವಾಗಿ ಹೋಗಿರುತ್ತವೆ. ಹುಡುಕಲು ಇವು ಅತಿ ಸುಲಭ. ಕೆಲವನ್ನು ಉತ್ಸಾಹಿಗಳು ಬ್ರಿಟಿಷ್ ರೈಲ್ವೇಸ್‌ನಿಂದ ನೇರ ಕೊಂಡರು. ಕೆಲವನ್ನು ಬಟ್ಲಿನ್ಸ್ ರಜಾ ಶಿಬಿರಗಳು ಮಕ್ಕಳು ನೋಡಲಿ ಎಂದು ಕೊಂಡವು. ಗ್ರೇಟ್ ವೆಸ್ಟರ್ನ್‌ನ ಕೆಲವು ಪ್ಯಾನಿಯರ್ ಟ್ಯಾಂಕ್‌ಗಳು (ಬಾಯ್ಲರ್‌ನ ಎರಡೂ ಪಕ್ಕ ನೀರಿನ ತೊಟ್ಟಿ ಇರುವ ಎಂಜಿನ್‌ಗಳು) ಲಂಡನ್ ಟ್ರಾನ್ಸ್‌ಪೋರ್ಟ್‌ಗೆ ಮಾರಾಟವಾಗಿ 1971ರ ತನಕ ದುಡಿದವು. ಅಲ್ಲಿ 7752ಕ್ಕೆ ಎಲ್94 ಎಂಬ ನಂಬರ್, 5786ಕ್ಕೆ ಎಲ್92. ಅವುಗಳ 1960ರ ದಶಕದ ಜಾಡು ಹಳೆಯ ನಂಬರ್‌ನಲ್ಲಿ ಕಾಣದೇ ಹೋದರೆ ಗಾಬರಿ ಬೇಡ. ಎಲ್ ಅಕ್ಷರ ಹಾಕಿ ಹುಡುಕಿ.

ನಾಲ್ಕನೇ ಹೆಜ್ಜೆ: ಎಂಜಿನ್ ಎಂದರೆ ಯಾವ ಭಾಗ ಎಂದು ತೀರ್ಮಾನಿಸಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಸೇವೆಯಲ್ಲಿದ್ದಾಗಲೇ ಎಂಜಿನ್‌ಗಳ ಬಾಯ್ಲರ್ ಬದಲಾಗುತ್ತಿತ್ತು. ದೊಡ್ಡ ರಿಪೇರಿಗೆ ಬಂದ ಎಂಜಿನ್‌ನ ಬಾಯ್ಲರ್ ಸರಿಮಾಡಲು ಫ್ರೇಮ್ ಸರಿಮಾಡುವುದಕ್ಕಿಂತ ಜಾಸ್ತಿ ದಿನ ಹಿಡಿಯುತ್ತಿತ್ತು. ಕಾಯುತ್ತಾ ಕೂರುವ ಬದಲು, ಆಗಲೇ ಸಿದ್ಧವಾಗಿದ್ದ ಬೇರೊಂದು ಬಾಯ್ಲರ್ ಕೂರಿಸಿ ಕಳಿಸಿಬಿಡುತ್ತಿದ್ದರು. ಟೆಂಡರ್ ಕತೆಯೂ ಅಷ್ಟೆ. ಹಾಗಾಗಿ ಬಲ್ಲವರು ಎಂಜಿನ್‌ನ ಗುರುತನ್ನು ಫ್ರೇಮ್‌ಗೆ ಕಟ್ಟುತ್ತಾರೆ. ಚಕ್ರಗಳನ್ನು ಹಿಡಿದಿಡುವ ಆ ಎರಡು ಉದ್ದದ ಉಕ್ಕಿನ ಹಲಗೆಗಳು ಎಲ್ಲಿವೆಯೋ ಎಂಜಿನ್ ಅಲ್ಲಿದೆ. ನಾನೂ ಇದನ್ನೇ ಪಾಲಿಸುತ್ತೇನೆ. ನಿಮ್ಮದೂ ಒಂದೇ ನಿಯಮ ಇರಲಿ, ನಡುವೆ ಬದಲಾಯಿಸಬೇಡಿ.

ಈ ನಿಯಮಕ್ಕೂ ಕಷ್ಟ ಕೊಡುವ ಎಂಜಿನ್‌ಗಳಿವೆ. 4942 ಮೈಂಡಿ ಹಾಲ್ ಬ್ಯಾರಿಯಿಂದ ಬಚಾವಾಗಿ ಡಿಡ್‌ಕಾಟ್‌ಗೆ ಬಂತು. ಇವತ್ತು ಮೈಂಡಿ ಹಾಲ್ ಎಂದು ಹುಡುಕಿದರೆ ಆ ಎಂಜಿನ್ ಇಲ್ಲ. ಗುಜರಿಗೆ ಹೋಯಿತಾ? ಅದೂ ಇಲ್ಲ. ಗ್ರೇಟ್ ವೆಸ್ಟರ್ನ್‌ನ ಸೇಂಟ್ ವರ್ಗದ ಎಂಜಿನ್‌ಗಳಲ್ಲಿ ಒಂದೂ ಉಳಿದಿರಲಿಲ್ಲ, ಕೊನೆಯದು 1953ರಲ್ಲಿ ಸೇವೆ ಬಿಟ್ಟಿತ್ತು. ಆದರೆ ಹಾಲ್ ವರ್ಗ ಹುಟ್ಟಿದ್ದೇ 1924ರಲ್ಲಿ ಸೇಂಟ್ ಮಾರ್ಟಿನ್ ಎಂಬ ಸೇಂಟ್ ಎಂಜಿನ್ ಅನ್ನು ಬದಲಿಸಿ. ಆ ದಾರಿಯನ್ನೇ ಹಿಂದುಮುಂದಾಗಿ ನಡೆದು, ಮೈಂಡಿ ಹಾಲ್ ಅನ್ನು ಬಿಚ್ಚಿ 2999 ಲೇಡಿ ಆಫ್ ಲೆಜೆಂಡ್ ಎಂಬ ಸೇಂಟ್ ಕಟ್ಟಿದರು. 2019ರಲ್ಲಿ ಅದು ಜನರ ಮುಂದೆ ಬಂತು. ಇನ್ನು 7927 ವಿಲ್ಲಿಂಗ್‌ಟನ್ ಹಾಲ್ ಅನ್ನು ಎರಡು ಪಾಲು ಮಾಡಿದರು. ಬಾಯ್ಲರ್ 6880 ಬೆಟನ್ ಗ್ರೇಂಜ್ ಎಂಬ ಹೊಸ ಎಂಜಿನ್‌ಗೆ ಹೋಯಿತು. ಫ್ರೇಮ್ 1014 ಕೌಂಟಿ ಆಫ್ ಗ್ಲಾಮೋರ್ಗನ್ ಎಂಬ ಇನ್ನೊಂದು ಹೊಸ ಎಂಜಿನ್‌ಗೆ.

ಇವನ್ನು ‘ಉಳಿದಿದೆ’ ಎನ್ನೋಣವಾ, ‘ಹೋಯಿತು’ ಎನ್ನೋಣವಾ? ಎರಡೂ ಸುಳ್ಳು. ನನ್ನ ಪಟ್ಟಿಯಲ್ಲಿ ‘ಬೇರೆ ಎಂಜಿನ್ ಆಯಿತು’ ಎಂಬ ಪ್ರತ್ಯೇಕ ಗುರುತು ಇದೆ. ಯಾವ ಭಾಗ ಎಲ್ಲಿಗೆ ಹೋಯಿತು ಎಂದು ಪಕ್ಕದಲ್ಲೇ ಬರೆಯುತ್ತೇನೆ. ಮೈಂಡಿ ಹಾಲ್ ಸಾಲನ್ನು ತೆಗೆದು ಹಾಕಿದರೆ ಲೇಡಿ ಆಫ್ ಲೆಜೆಂಡ್‌ಗೆ ಮೂಲವೇ ಇಲ್ಲದಂತಾಗುತ್ತದೆ.

ಗುರುತು ಅದಲು ಬದಲಾದ ಹಳೆಯ ಪ್ರಸಂಗವನ್ನೂ ನೆನಪಿಟ್ಟುಕೊಳ್ಳಿ. 1933ರಲ್ಲಿ ಎಲ್‌ಎಂಎಸ್ ತನ್ನ 6100 ರಾಯಲ್ ಸ್ಕಾಟ್ ಅನ್ನು ಶಿಕಾಗೋ ಪ್ರದರ್ಶನಕ್ಕೆ ಕಳಿಸಿತು. ನಿಜಕ್ಕೂ ಹಡಗು ಹತ್ತಿದ್ದು 6152. ಹೋಗುವ ಮೊದಲು ಇವೆರಡರ ಹೆಸರು, ನಂಬರ್ ಅದಲು ಬದಲು ಮಾಡಿದ್ದರು. ವಾಪಸ್ ಬಂದ ಮೇಲೆ ಮತ್ತೆ ಸರಿಮಾಡಲೇ ಇಲ್ಲ. ಇವತ್ತು ರಾಯಲ್ ಸ್ಕಾಟ್ ಎಂದು ಉಳಿದಿರುವುದು 1930ರಲ್ಲಿ ಡಾರ್ಬಿಯಲ್ಲಿ ಕಟ್ಟಿದ ಎಂಜಿನ್, 1927ರ ಮೊದಲ 6100 ಅಲ್ಲ. ಇದಕ್ಕೆ ಎದುರಾಗಿ, 1939ರ ಅಮೆರಿಕ ಪ್ರವಾಸಕ್ಕೆ 6229 ಡಚೆಸ್ ಆಫ್ ಹ್ಯಾಮಿಲ್ಟನ್ 6220 ಕೊರೊನೇಶನ್‌ನ ವೇಷದಲ್ಲಿ ಹೋಗಿತ್ತು. ಅವೆರಡನ್ನು ಮಾತ್ರ 1943ರಲ್ಲಿ ಸರಿಮಾಡಿದರು. ಒಂದು ಜೋಡಿ ಸರಿಯಾಯಿತು, ಇನ್ನೊಂದು ಆಗಲಿಲ್ಲ. ಇಂಥದ್ದನ್ನು ಊಹೆಯಿಂದ ತಿಳಿಯಲು ಸಾಧ್ಯವೇ ಇಲ್ಲ.

ಐದನೇ ಹೆಜ್ಜೆ: ರೈಲು ಬೇರೆ, ಮಾಲೀಕರು ಬೇರೆ

ಎಂಜಿನ್ ಒಂದು ಹೆರಿಟೇಜ್ ರೈಲಿನಲ್ಲಿ ಓಡುತ್ತಿದ್ದ ಮಾತ್ರಕ್ಕೆ ಅದು ಆ ರೈಲಿನದ್ದು ಎಂದುಕೊಳ್ಳಬೇಡಿ. ಎಷ್ಟೋ ಎಂಜಿನ್‌ಗಳಿಗೆ ಬೇರೆ ಸಂಘ, ಬೇರೆ ಕಂಪನಿ, ಇಲ್ಲವೇ ಒಬ್ಬ ವ್ಯಕ್ತಿ ಮಾಲೀಕ. ಒಪ್ಪಂದ ಮುಗಿದರೆ ಎಂಜಿನ್ ಲಾರಿ ಹತ್ತಿ ಹೊರಟುಬಿಡುತ್ತದೆ. ಜಾಡು ತಪ್ಪುವುದು ಬಹಳ ಸಲ ಹೀಗೇ. ಹಾಗಾಗಿ ಜಾಗದ ಹಿಂದೆ ಹೋಗಬೇಡಿ, ಮಾಲೀಕರ ಹಿಂದೆ ಹೋಗಿ.

45596 ಬಹಾಮಾಸ್ ಒಳ್ಳೆಯ ಉದಾಹರಣೆ. ಅದನ್ನು ಉಳಿಸಿದ ಬಹಾಮಾಸ್ ಲೋಕೋಮೋಟಿವ್ ಸೊಸೈಟಿ ಮೊದಲು ಡಿಂಟಿಂಗ್‌ನಲ್ಲಿತ್ತು. ಆ ಕೇಂದ್ರ ಬಾಗಿಲು ಹಾಕಿದಾಗ ಸಂಘ ತನ್ನ ಎಂಜಿನ್‌ಗಳ ಸಮೇತ 1990ರಲ್ಲಿ ಇಂಗ್ರೋಗೆ ಬಂತು. ಡಿಂಟಿಂಗ್ ಎಂದೇ ಹುಡುಕುತ್ತಾ ಕೂತವರಿಗೆ ದಾರಿ ಅಲ್ಲಿಗೆ ಮುಗಿಯುತ್ತದೆ. ಸಂಘದ ಹೆಸರು ಹಿಡಿದವರಿಗೆ ಒಂದೇ ನಿಮಿಷದ ಕೆಲಸ. ಕಾರ್ನ್‌ಫೋರ್ತ್‌ನ ಸ್ಟೀಮ್‌ಟೌನ್ 1997ರಲ್ಲಿ ಜನರಿಗೆ ಮುಚ್ಚಿತು, ಸೌತ್‌ಪೋರ್ಟ್‌ನ ಸ್ಟೀಮ್‌ಪೋರ್ಟ್‌ನವರು ಪ್ರೆಸ್ಟನ್‌ಗೆ ಹೋಗಿ ರಿಬಲ್ ಸ್ಟೀಮ್ ರೈಲ್ವೆ ಆದರು. ಹಳೆಯ ಪಟ್ಟಿಯಲ್ಲಿ ಈ ಹೆಸರುಗಳು ಕಂಡರೆ ಅದು ಹಳೆಯ ಪಟ್ಟಿ ಎಂದೇ ತಿಳಿಯಿರಿ.

ಮಾಲೀಕರು ಕಂಪನಿ ಆಗಿದ್ದರೆ ಕಂಪನೀಸ್ ಹೌಸ್‌ನ ದಾಖಲೆ ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಧರ್ಮಾರ್ಥ ಸಂಸ್ಥೆಯಾಗಿದ್ದರೆ ಚಾರಿಟಿ ಕಮಿಷನ್‌ನ ನೋಂದಣಿ ಪುಸ್ತಕ. ವಾರ್ಷಿಕ ವರದಿಗಳನ್ನು ಬಿಡಬೇಡಿ. ಬೇಸರದ ಓದು ನಿಜ, ಆದರೆ ‘ಈ ವರ್ಷ ಬಾಯ್ಲರ್ ಕೆಲಸಕ್ಕೆ ಇಷ್ಟು ಖರ್ಚಾಯಿತು’ ಎಂಬ ಒಂದು ಸಾಲು ಹತ್ತು ಫೋಟೊಗಿಂತ ಹೆಚ್ಚು ಹೇಳುತ್ತದೆ. ಕಂಪನಿ ಸಾಲಕ್ಕೆ ಎಂಜಿನ್ ಅಡವಿಟ್ಟಿದ್ದರೆ ಅದರ ಸುಳಿವೂ ಅಲ್ಲೇ ಸಿಗುತ್ತದೆ.

ಆರನೇ ಹೆಜ್ಜೆ: ಬಾಯ್ಲರ್ ಟಿಕೆಟ್ಟಿನ ಲೆಕ್ಕ

ಎಂಜಿನ್ ಓಡುತ್ತಿದೆಯಾ ಎಂಬ ಪ್ರಶ್ನೆಗೆ ಅತಿ ಉಪಯುಕ್ತ ಸಂಖ್ಯೆ ಹತ್ತು. ಬ್ರಿಟನ್ನಿನ ಹೆರಿಟೇಜ್ ರೈಲುಗಳಲ್ಲಿ ಬಾಯ್ಲರ್‌ಗೆ ಸಾಮಾನ್ಯವಾಗಿ ಹತ್ತು ವರ್ಷದ ಅವಧಿ ಸಿಗುತ್ತದೆ. ಅದಕ್ಕೇ ‘ಬಾಯ್ಲರ್ ಟಿಕೆಟ್’ ಎನ್ನುತ್ತಾರೆ. ನಡುವೆ ವರ್ಷವರ್ಷವೂ ತಪಾಸಣೆ. ಹತ್ತು ವರ್ಷ ಮುಗಿದಾಗ ಬೆಂಕಿ ಆರಿಸಲೇಬೇಕು. ಬಾಯ್ಲರ್ ಎತ್ತಿ, ಕೊಳವೆಗಳನ್ನು ಕಿತ್ತು, ಒಳಗೆಲ್ಲ ನೋಡಿ, ರಿಪೇರಿ ಮಾಡಿದ ಮೇಲೇ ಮತ್ತೆ ಟಿಕೆಟ್.

ಈಗ ಲೆಕ್ಕ ಹಾಕಿ. ಒಂದು ಎಂಜಿನ್ ದೊಡ್ಡ ಓವರ್‌ಹಾಲ್ ಮುಗಿಸಿ 2008ರಲ್ಲಿ ಓಡತೊಡಗಿತು ಎಂದಿಟ್ಟುಕೊಳ್ಳಿ. 2018ರ ಸುಮಾರಿಗೆ ಅದು ನಿಂತಿರಬೇಕು. 2021ರ ತಾರೀಖಿನ ಫೋಟೊದಲ್ಲಿ ಅದೇ ಎಂಜಿನ್ ರೈಲು ಎಳೆಯುತ್ತಿದ್ದರೆ ಮೂರರಲ್ಲಿ ಒಂದು ನಿಜ: ನಡುವೆ ಇನ್ನೊಂದು ಓವರ್‌ಹಾಲ್ ಆಗಿದೆ, ಇಲ್ಲವೇ ಫೋಟೊ ತಾರೀಖು ತಪ್ಪು, ಇಲ್ಲವೇ ಅದು ವೇಷ ಹಾಕಿದ ಬೇರೆ ಎಂಜಿನ್. ಈ ಸಣ್ಣ ಲೆಕ್ಕ ನನ್ನ ಎಷ್ಟೋ ತಪ್ಪುಗಳನ್ನು ಹಿಡಿದಿದೆ.

ಟಿಕೆಟ್ ಮುಗಿದ ಎಂಜಿನ್‌ಗಳ ಬಗ್ಗೆ ಬಳಸುವ ಮಾತುಗಳನ್ನೂ ಬಿಡಿಸಿ ಓದಬೇಕು. ‘ಓವರ್‌ಹಾಲ್ ನಡೆಯುತ್ತಿದೆ’ ಎಂದರೆ ಯಾರೋ ಕೈ ಹಚ್ಚಿದ್ದಾರೆ. ‘ಓವರ್‌ಹಾಲ್‌ಗೆ ಕಾಯುತ್ತಿದೆ’ ಎಂದರೆ ದುಡ್ಡಿಲ್ಲ ಅಥವಾ ಸರದಿ ಬಂದಿಲ್ಲ. ಇಪ್ಪತ್ತು ವರ್ಷ ಕಾದವೂ ಇವೆ. ‘ಪ್ರದರ್ಶನಕ್ಕಿದೆ’ ಎಂದರೆ ಹೊರಗೆ ಬಣ್ಣ ಹೊಳೆಯುತ್ತಿದೆ, ಒಳಗಿನದು ಗೊತ್ತಿಲ್ಲ. ಕೆಲಸ ನಡೆಯುವಾಗ ಒಂದೇ ಎಂಜಿನ್ ಮೂರು ಊರಲ್ಲಿರಬಹುದು: ಬಾಯ್ಲರ್ ಒಂದು ವರ್ಕ್‌ಶಾಪ್‌ನಲ್ಲಿ, ಫ್ರೇಮ್ ತನ್ನ ಶೆಡ್ಡಿನಲ್ಲಿ, ಚಕ್ರ ಮತ್ತೊಂದು ಕಡೆ. ಎರಡು ಪಟ್ಟಿಗಳು ಬೇರೆ ಬೇರೆ ಜಾಗ ಹೇಳಿದರೆ ಒಂದು ಸುಳ್ಳೇ ಇರಬೇಕು ಎಂದೇನಿಲ್ಲ.

ಏಳನೇ ಹೆಜ್ಜೆ: ಸಮುದ್ರ ದಾಟಿದವು

ಇದ್ದಕ್ಕಿದ್ದಂತೆ ಜಾಡು ಕಡಿದರೆ ಬಂದರುಗಳ ಕಡೆ ನೋಡಿ. 4079 ಪೆಂಡೆನಿಸ್ ಕಾಸಲ್ 1924ರಲ್ಲಿ ಸ್ವಿಂಡನ್‌ನಲ್ಲಿ ಹುಟ್ಟಿತು. 1964ರಲ್ಲಿ ಸೇವೆ ಬಿಟ್ಟು ಖಾಸಗಿಯವರ ಕೈ ಸೇರಿತು. 1977ರಲ್ಲಿ ಹ್ಯಾಮರ್ಸ್ಲಿ ಐರನ್ ಎಂಬ ಗಣಿ ಕಂಪನಿ ಅದನ್ನು ಕೊಂಡು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಒಯ್ದಿತು. ಅಲ್ಲಿನ ಕೆಂಪು ಮಣ್ಣಿನಲ್ಲಿ ಹಸಿರು ಬಣ್ಣದ ಇಂಗ್ಲಿಷ್ ಎಕ್ಸ್‌ಪ್ರೆಸ್ ಎಂಜಿನ್! 1989ರಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಬಂದಿದ್ದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಜೊತೆ ಅದರ ಭೇಟಿಯೂ ಆಯಿತು. 2000ದಲ್ಲಿ ಡಿಡ್‌ಕಾಟ್‌ಗೆ ವಾಪಸ್. 2022ರಲ್ಲಿ ಮತ್ತೆ ಜನರೆದುರು ಉಗಿ. 1980ರ ದಶಕದ ಬ್ರಿಟಿಷ್ ಪಟ್ಟಿಗಳಲ್ಲಿ ಅದು ಇಲ್ಲ ಎಂದು ಯಾರಾದರೂ ‘ಹೋಯಿತು’ ಎಂದು ಬರೆದಿದ್ದರೆ ಎಂಥ ತಪ್ಪಾಗುತ್ತಿತ್ತು!

ಹೋಗಿ ಅಲ್ಲೇ ಉಳಿದವೂ ಇವೆ. ಸ್ಟೀಮ್ ಎಂಜಿನ್‌ಗಳ ವೇಗದ ದಾಖಲೆ ಬರೆದ ಮಲ್ಲಾರ್ಡ್‌ನ ಒಡಹುಟ್ಟಿದ ಎ4 ಎಂಜಿನ್‌ಗಳಲ್ಲಿ 60008 ಡ್ವೈಟ್ ಡಿ. ಐಸೆನ್‌ಹೋವರ್ ಅಮೆರಿಕದ ಗ್ರೀನ್ ಬೇ ಮ್ಯೂಸಿಯಂನಲ್ಲಿದೆ, 60010 ಡೊಮಿನಿಯನ್ ಆಫ್ ಕೆನಡಾ ಮಾಂಟ್ರಿಯಲ್ ಹತ್ತಿರದ ಎಕ್ಸ್‌ಪೋರೈಲ್‌ನಲ್ಲಿ. ಮಲ್ಲಾರ್ಡ್‌ನ ವೇಗದ ದಾಖಲೆಗೆ 75 ವರ್ಷ ತುಂಬಿದ 2013ಕ್ಕೆಂದು ಎರಡನ್ನೂ ಯಾರ್ಕ್‌ಗೆ ಕರೆಸಿ, ಉಳಿದಿರುವ ಒಟ್ಟು ಆರೂ ಎ4ಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ಆಮೇಲೆ ಎರಡೂ ಮರಳಿ ಹೋದವು. ಆ ವರ್ಷದ ಫೋಟೊ ನೋಡಿ ಅವು ಯಾರ್ಕ್‌ನಲ್ಲೇ ಇವೆ ಎಂದು ಬರೆಯಬೇಡಿ.

ಎಂಟನೇ ಹೆಜ್ಜೆ: ಕಣ್ಣಾರೆ ನೋಡಿ, ಕೇಳಿ

ಕಾಗದದಲ್ಲಿ ಬಗೆಹರಿಯದ್ದು ಕೆಲವು ಸಲ ಲೋಹದಲ್ಲಿ ಬಗೆಹರಿಯುತ್ತದೆ. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಉದ್ದದ ಸರಳುಗಳ ಮೇಲೆ ಎಂಜಿನ್‌ನ ನಂಬರ್ ಹೊಡೆದಿರುತ್ತದೆ. ಮೊದಲ ನೋಟಕ್ಕೆ ಕಾಣುವುದಿಲ್ಲ. ಗ್ರೀಸು, ಮಸಿ ಹೆಪ್ಪುಗಟ್ಟಿರುತ್ತದೆ. ಬಟ್ಟೆಯಿಂದ ಉಜ್ಜಿದಾಗ ಮೊದಲು ಒಂದು ‘4’ರ ಕಾಲು ಕಾಣುತ್ತದೆ, ಆಮೇಲೆ ಪಕ್ಕದ ಅಂಕಿ. ಒಂದೊಂದು ಅಂಕಿಯನ್ನೂ ಬೇರೆ ಬೇರೆ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಸಾಲು ಸೊಟ್ಟ, ಆಳ ಹೆಚ್ಚುಕಡಿಮೆ. ಕೆಲವೊಮ್ಮೆ ಹಳೆಯ ನಂಬರ್ ಮೇಲೆ ಗೀರು ಹೊಡೆದು ಪಕ್ಕದಲ್ಲಿ ಹೊಸ ನಂಬರ್. ಆ ಗೀರಿನ ಮುಂದೆ ನಿಂತಾಗ, ಎಂಬತ್ತು ವರ್ಷದ ಹಿಂದೆ ಸುತ್ತಿಗೆ ಹಿಡಿದವನ ಕೈ ಕಂಡ ಹಾಗಾಗುತ್ತದೆ.

ಆದರೆ ಅದನ್ನೂ ಒಂದೇ ಸಾಕ್ಷಿ ಎಂದು ಹಿಡಿಯಬೇಡಿ. ಸರಳುಗಳು ಎಂಜಿನ್‌ನಿಂದ ಎಂಜಿನ್‌ಗೆ ಹೋಗುತ್ತಿದ್ದವು. ಸರಳಿನ ಮೇಲೆ ಬೇರೆ ನಂಬರ್ ಕಂಡರೆ ಇಡೀ ಎಂಜಿನ್ ಬೇರೆ ಎಂದಲ್ಲ. ಫಲಕಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂಲ ಫಲಕಗಳಿಗೆ ಹರಾಜಿನಲ್ಲಿ ದೊಡ್ಡ ಬೆಲೆ, ಎಂಜಿನ್ ಮೇಲಿರುವುದು ನಕಲು ಇರಬಹುದು.

ಶೆಡ್ಡಿನ ಬೇಲಿ ದಾಟಿ ನೀವಾಗಿ ಒಳಗೆ ಹೋಗಬೇಡಿ. ಎಂಜಿನ್ ಕೆಳಗೆ, ಪಕ್ಕದಲ್ಲಿ ಯಾರಾದರೂ ಕೆಲಸ ಮಾಡುತ್ತಿರುತ್ತಾರೆ. ಅನುಮತಿ ಕೇಳಿ. ಸ್ವಯಂಸೇವಕರು ತಮ್ಮ ಎಂಜಿನ್ ಬಗ್ಗೆ ಕೇಳಿದರೆ ಮಾತಾಡಲು ತುಂಬಾ ಇಷ್ಟಪಡುತ್ತಾರೆ. ಪತ್ರ ಬರೆಯುವುದಾದರೆ ಒಂದೇ ಪ್ರಶ್ನೆ ಕೇಳಿ. ‘ಈ ಎಂಜಿನ್ ಇತಿಹಾಸ ತಿಳಿಸಿ’ ಎಂದರೆ ಉತ್ತರ ಬರುವುದು ಕಷ್ಟ. ‘1990ರಿಂದ 1996ರ ನಡುವೆ ಇದು ನಿಮ್ಮಲ್ಲಿತ್ತಾ?’ ಎಂದು ಕೇಳಿದರೆ ಯಾರಾದರೂ ಹಳೆಯ ಸುದ್ದಿಪತ್ರ ತೆಗೆದು ನೋಡುತ್ತಾರೆ. ಮುಖ್ಯ ಹಳಿಯ ಎಂಜಿನ್‌ಗಳ ಹಳೆಯ ದಾಖಲೆಗೆ ಯಾರ್ಕ್‌ನ ಮ್ಯೂಸಿಯಂ ಮತ್ತು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್, ಕಾರ್ಖಾನೆಯ ಎಂಜಿನ್‌ಗಳಿಗೆ ಇಂಡಸ್ಟ್ರಿಯಲ್ ರೈಲ್ವೆ ಸೊಸೈಟಿ. ಈ ಸೊಸೈಟಿಯವರ ತಾಳ್ಮೆಗೆ ನಾನು ಸದಾ ಋಣಿ.

ಒಂಬತ್ತನೇ ಹೆಜ್ಜೆ: ಬರೆದಿಡುವ ಬಗೆ

ಒಂದು ಎಂಜಿನ್‌ಗೆ ಒಂದು ಹಾಳೆ. ಪ್ರತಿ ಸಾಲಿನಲ್ಲಿ ನಾಲ್ಕು ಸಂಗತಿ: ತಾರೀಖು, ಏನಾಯಿತು, ಯಾರು ಹೇಳಿದ್ದು, ನಿಮಗೆ ಎಷ್ಟು ನಂಬಿಕೆ. ಕೊನೆಯದನ್ನು ನಾನು ಮೂರೇ ಬಗೆಯಲ್ಲಿ ಬರೆಯುತ್ತೇನೆ. ‘ಕಂಡದ್ದು’, ‘ದಾಖಲೆಯಲ್ಲಿದ್ದದ್ದು’, ‘ಕೇಳಿದ್ದು’. ಹತ್ತು ಜನ ಒಂದೇ ಮಾತು ಹೇಳಿದರೂ ಹತ್ತೂ ಒಂದೇ ಮೂಲದಿಂದ ನಕಲಾಗಿದ್ದರೆ ಅದು ಒಂದೇ ಸಾಕ್ಷಿ. ತಪ್ಪು ಕಾಗುಣಿತ ಕೂಡ ಒಂದೇ ಥರ ಇದ್ದರೆ ನಕಲು ಎಂದು ಖಾತ್ರಿ ಮಾಡಿಕೊಳ್ಳಿ.

‘ಈಗ ಇಲ್ಲಿದೆ’ ಎಂದು ಮಾತ್ರ ಯಾವತ್ತೂ ಬರೆಯಬೇಡಿ. ‘2023ರ ಮೇ ತಿಂಗಳಲ್ಲಿ ಇಲ್ಲಿತ್ತು’ ಎಂದು ಬರೆಯಿರಿ. ಮೊದಲನೆಯದು ನಾಳೆಯೇ ಸುಳ್ಳಾಗಬಹುದು. ಎರಡನೆಯದು ಯಾವತ್ತೂ ಸುಳ್ಳಾಗುವುದಿಲ್ಲ. ತಪ್ಪು ಎಂದು ಗೊತ್ತಾದ ಸಾಲನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಕಾರಣ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಸುಳ್ಳು ಸುದ್ದಿ ಸಿಕ್ಕಿ ಮತ್ತೆ ಸೇರಿಸಿಕೊಳ್ಳುತ್ತೀರಿ.

ಶುರು ಮಾಡಲು ಎಂಜಿನ್ ಬೇಕಿದ್ದರೆ ಆಗಸ್ಟ್ 11ರ ಆ ನಾಲ್ಕನ್ನೇ ತೆಗೆದುಕೊಳ್ಳಿ. ನಾಲ್ಕು ಹಾಳೆ ಸಾಕು. 44781ರ ಹಾಳೆಯನ್ನೂ ಪೂರ್ತಿ ಬರೆಯಿರಿ: 1947ರಲ್ಲಿ ಅದು ಎಲ್‌ಎಂಎಸ್‌ನ 4781, ಆಮೇಲೆ 40000 ಕೂಡಿಸಿ 44781. ಕೊನೆಯ ಸಾಲು ಕತ್ತರಿಸಿದ್ದು. ನನ್ನ ಕಡತದಲ್ಲಿ ಅದು ಉಳಿದ ಮೂರರ ಜೊತೆಗೇ, ನಂಬರ್ ಕ್ರಮದಲ್ಲೇ ಇದೆ.